ಕರೆಂಟ್ ಹೋದಾಗ ಕೇಳುತ್ತಿದ್ದ ಮಗ್ಗ

ಕಳೆದ ತಿಂಗಳು ಮುಧೋಳದ ಪೇಟೆಗೆ ನಾದಿನಿಗೊಂದು ಸೀರೆ ತರಲು ಹೋಗಿದ್ದೆ. ಅಂಗಡಿಯಾತ ಇದ್ದಬದ್ದ ಸೀರೆಗಳನ್ನೆಲ್ಲ ಗಾದಿಯ ಮೇಲೆ ಹರವಿದ. ನಾನು ಯಾವುದಕ್ಕೂ ಹ್ಞೂಂ ಅನ್ನದ್ದನ್ನು ಕಂಡು ಬೇಸತ್ತು ಒಳಗಿನ ಕಪಾಟಿನಿಂದ ಹತ್ತಿಯ ಸೀರೆಯೊಂದನ್ನು ತಂದ. ಇನ್ನೂ ನೀರು ಕಾಣದ ಸೀರೆ. ಅದರ ಮಡಿಕೆ ಬಿಚ್ಚಿದ್ದೇ ತಡ, ನೂಲಿಗೆ ಹಾಕಿದ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಅರ್ಧ ಹುಳಿ, ಅರ್ಧ ಹಸಿ ಹಿಟ್ಟಿನ ವಾಸನೆ. ನಿಂತಿದ್ದವಳು ಅಲ್ಲೇ ಗಾದಿಯ ತುದಿಗೆ ಕೂತುಬಿಟ್ಟೆ.

"ಅಕ್ಕಾರ, ನೀರ ಕೊಡ್ಲೇನ್ರಿ?" ಎಂದ ಅಂಗಡಿಯಾತ. ಬೇಡವೆಂದೆ. ನಾನಾಗ ಆ ಅಂಗಡಿಯಲ್ಲಿ ಇರಲಿಲ್ಲ. ಬನಹಟ್ಟಿಯ ಓಣಿಯೊಂದರಲ್ಲಿ, ನಮ್ಮ ಎದುರು ಮನೆಯ ಕಾಕುವಿನ ಪಡಸಾಲೆಯಲ್ಲಿ, ಬೆರಳಿಗೆ ಬೂದಿ ಹಚ್ಚಿಕೊಂಡು ಕೂತಿದ್ದೆ...

ಕಾಕು ಎಂದರೆ ಚಿಕ್ಕಮ್ಮ, ಆದರೆ ಸಂಬಂಧದಲ್ಲಿ ಅವರು ನನಗೇನೂ ಆಗಬೇಕಿರಲಿಲ್ಲ. ಓಣಿಯ ಹುಡುಗರೆಲ್ಲ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ. ಅವರ ಗಂಡನಿಗೆ ದಮ್ಮು. ಮಗ್ಗದಲ್ಲಿ ಕೂರುವ ಶಕ್ತಿ ಉಳಿಯದೆ ಅವರು ಹೊರಗೆ ಕಟ್ಟೆಯ ಮೇಲೆ ಕೂತು ಬಂದುಹೋಗುವವರನ್ನು ಮಾತಾಡಿಸುತ್ತಿದ್ದರು. ಒಳಗೆ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದವರು ಕಾಕು. ಸಣ್ಣ ಮೈ, ದೊಡ್ಡ ಬಾಯಿ. ಯಾರನ್ನೂ ನಯವಾಗಿ ಮಾತಾಡಿಸಿದ್ದು ನಾನು ಕಂಡಿಲ್ಲ. ಹಾಲಿನವನಿಂದ ಹಿಡಿದು ಮಠದ ಅಯ್ಯನವರವರೆಗೆ ಎಲ್ಲರಿಗೂ ಒಂದೇ ದನಿ, ಒಂದೇ ಗದರು.

ನಾವು ಆ ಓಣಿಗೆ ಬಂದದ್ದು ಎರಡು ಸಾವಿರದ ಇಸವಿಯ ಆಚೀಚೆ. ನಮ್ಮದು ಬೀಳಗಿ ತಾಲೂಕಿನ ನದಿ ದಂಡೆಯ ಊರು. ಆಣೆಕಟ್ಟಿನ ಹಿನ್ನೀರು ಬರುತ್ತದೆ, ಬರುತ್ತದೆ ಎಂದು ನಾನು ಹುಟ್ಟಿದಾಗಿನಿಂದ ಹೇಳುತ್ತಲೇ ಇದ್ದರು. ಎಷ್ಟು ಹೇಳಿದರೆಂದರೆ ಯಾರೂ ನಂಬದ ಹಾಗಾಗಿತ್ತು. ಕೊನೆಗೊಂದು ವರ್ಷ ಅದು ಬಂದೇಬಿಟ್ಟಿತು. ಮಂದಿ ಬಾಗಿಲು, ಚೌಕಟ್ಟು, ತೊಲೆ, ಹಾಸುಗಲ್ಲು ಕೂಡ ಕಿತ್ತುಕೊಂಡು ಟ್ರ್ಯಾಕ್ಟರಿನಲ್ಲಿ ಹೇರಿ ಪುನರ್ವಸತಿ ಕೇಂದ್ರಕ್ಕೆ ಹೋದರು. ನಾವು ಕೀಳಲಾಗದ್ದು ಒಂದಿತ್ತು. ನಾನು ಎಂಟನೇ ಇಯತ್ತೆಯಲ್ಲಿದ್ದಾಗ ಅವ್ವ ತೀರಿಕೊಂಡಿದ್ದಳು. ಅವಳನ್ನು ನಮ್ಮ ಹೊಲದ ಬದುವಿನ ಬೇವಿನ ಮರದ ಕೆಳಗೆ ಮಣ್ಣು ಮಾಡಿದ್ದೆವು. ಅಮಾವಾಸ್ಯೆಗೊಮ್ಮೆ ಹೋಗಿ ಎಣ್ಣೆ ದೀಪ ಹಚ್ಚಿ ಬರುತ್ತಿದ್ದೆ. ಆ ಹೊಲ ನೀರಿಗೆ ಹೋಯಿತು.

ಹೊಸ ಊರಿನಲ್ಲಿ ನಮಗೂ ಜಾಗ ಸಿಕ್ಕಿತ್ತು. ಒಂದು ಗಿಡವಿಲ್ಲದ, ನಂಬರು ಹಾಕಿದ ಕಲ್ಲು ನೆಟ್ಟ ಆ ಬಯಲನ್ನು ನೋಡಿದ ಅಪ್ಪ ಇಲ್ಲಿ ನಾನಿರಲಾರೆ ಎಂದುಬಿಟ್ಟ. ಬನಹಟ್ಟಿಯಲ್ಲಿ ನನ್ನ ಆಯಿಯ, ಅಂದರೆ ಅಪ್ಪನ ತಾಯಿಯ, ತವರಿನ ಕಡೆಯವರಿದ್ದರು. ಅವರು ಬಾಡಿಗೆಗೆ ಒಂದು ಮನೆ ನೋಡಿಕೊಟ್ಟರು. ಅಪ್ಪ ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ನಿಲ್ಲುವ ಅಂಗಳದಲ್ಲಿ ಕೆಲಸಕ್ಕೆ ಸೇರಿದ. ತನ್ನ ಕಬ್ಬನ್ನು ತಾನೇ ಹೇರಿಕೊಂಡು ಹೋಗುತ್ತಿದ್ದ ಮನುಷ್ಯ ಈಗ ಇನ್ನೊಬ್ಬರ ಗಾಡಿಗಳನ್ನು ಸಾಲಾಗಿ ನಿಲ್ಲಿಸತೊಡಗಿದ. ಸೀಜನ್ ಶುರುವಾದರೆ ಅಲ್ಲೇ ಇರುತ್ತಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. ಬಂದರೂ ಮಾತಿಲ್ಲ. ಅವ್ವನ ಹೆಸರನ್ನಂತೂ ಊರು ಬಿಟ್ಟ ದಿನದಿಂದ ಅವನು ಎತ್ತಲೇ ಇಲ್ಲ. ಮನೆಯಲ್ಲಿ ನಾನು ಮತ್ತು ಆಯಿ. ಆಯಿಗೆ ಕಿವಿ ಮಂದ.

ಕಾಲೇಜಿಗೆ ಹೆಸರು ಹಚ್ಚಿದ್ದರು. ಕೆಲವು ದಿನ ಹೋದೆ, ಆಮೇಲೆ ಬಿಟ್ಟೆ. ಯಾಕೆ ಬಿಟ್ಟೆ ಎಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಜಡೆ ಹಾಕಿಕೊಳ್ಳುವುದೇ ದೊಡ್ಡ ಕೆಲಸವಾಗಿತ್ತು. ಕಣ್ಣು ಮುಚ್ಚಿದರೆ ಹೊಲ, ಹೊಲದ ಮೇಲೆ ನೀರು, ನೀರಿನ ಕೆಳಗೆ ಅವ್ವ. ಅವಳಿಗೆ ಉಸಿರು ಕಟ್ಟುತ್ತಿದೆ ಅನ್ನಿಸುತ್ತಿತ್ತು. ಸತ್ತವರಿಗೆ ಉಸಿರೆಲ್ಲಿಯದು ಎಂಬ ಬುದ್ಧಿ ನನಗೂ ಇತ್ತು. ಆದರೂ ಅನ್ನಿಸುತ್ತಿತ್ತು.

ನನ್ನ ಮೈಗೆ ನಾನೇ ನೋವು ಮಾಡಿಕೊಳ್ಳತೊಡಗಿದ್ದು ಆ ವರ್ಷ. ಹೇಗೆ, ಏನು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದರಿಂದ ಯಾರಿಗೂ ಉಪಯೋಗವಿಲ್ಲ. ಸಾಯಬೇಕೆಂದು ಮಾಡಿಕೊಳ್ಳುತ್ತಿದ್ದೆನೋ ಬದುಕಲಾಗದೆ ಮಾಡಿಕೊಳ್ಳುತ್ತಿದ್ದೆನೋ ನನಗೇ ತಿಳಿಯುತ್ತಿರಲಿಲ್ಲ. ಒಳಗಿನದಕ್ಕೆ ಹೆಸರಿರಲಿಲ್ಲ, ತೋಳಿನ ಮೇಲಿನದಕ್ಕೆ ಹೆಸರಿತ್ತು, ಅಷ್ಟೇ. ಮಾಡಿಕೊಂಡಾದ ಮೇಲೆ ಬರುತ್ತಿದ್ದ ನಾಚಿಕೆ ಎಂಥದೆಂದರೆ, ಅದನ್ನು ತಾಳಲಾರದೆ ಮತ್ತೆ ಅಲ್ಲಿಗೇ ಹೋಗುತ್ತಿದ್ದೆ. ಏಪ್ರಿಲ್ಲಿನ ಬಿಸಿಲಲ್ಲೂ ಮಣಿಕಟ್ಟು ಮುಚ್ಚುವ ಉದ್ದ ತೋಳಿನ ಕುಪ್ಪಸ ಹಾಕುತ್ತಿದ್ದೆ. ಆಯಿ ಅದನ್ನು ನೋಡಿ, ನಮ್ಮ ಹುಡುಗಿಗೆ ಎಷ್ಟು ಮರ್ಯಾದೆ ಎಂದು ನಾಲ್ಕು ಮಂದಿಯ ಮುಂದೆ ಹೊಗಳುತ್ತಿದ್ದಳು.

ಬನಹಟ್ಟಿಯ ಸದ್ದಿನ ವಿಷಯ ಹೇಳಬೇಕು. ನಮ್ಮ ಓಣಿಯ ಮನೆಮನೆಯಲ್ಲೂ ಕರೆಂಟಿನ ಮಗ್ಗ. ಬೆಳಗಾದರೆ ಶುರು. ಗೋಡೆ, ನೆಲ, ಕುಡಿಯುವ ನೀರಿನ ತಂಬಿಗೆ ಎಲ್ಲ ಸಣ್ಣಗೆ ನಡುಗುತ್ತಿದ್ದವು. ಹೊಸದಾಗಿ ಬಂದವರಿಗೆ ತಲೆ ಸಿಡಿಯುತ್ತದೆ. ನನಗೆ ಮಾತ್ರ ಅದು ಬೇಕಾಗಿತ್ತು. ಆ ಗದ್ದಲದಲ್ಲಿ ನನ್ನ ತಲೆಯೊಳಗಿನದು ನನಗೇ ಕೇಳುತ್ತಿರಲಿಲ್ಲ. ಆದರೆ ದಿನವೂ ಮಧ್ಯಾಹ್ನ ಕರೆಂಟ್ ತೆಗೆಯುತ್ತಿದ್ದರು. ಒಂದೇ ಏಟಿಗೆ ಎಲ್ಲ ಮಗ್ಗಗಳೂ ನಿಂತುಬಿಡುತ್ತಿದ್ದವು. ಓಣಿಯವರಿಗೆ ಅದು ಊಟದ ಹೊತ್ತು, ಮಲಗುವ ಹೊತ್ತು. ನನಗೆ ಮಾತ್ರ ಅದೇ ಹಾಳು ಹೊತ್ತು. ಏನು ಮಾಡಿಕೊಂಡರೂ ಆಗಲೇ ಮಾಡಿಕೊಳ್ಳುತ್ತಿದ್ದೆ.

ಆ ಮೌನದಲ್ಲಿ ಒಂದೇ ಒಂದು ಸದ್ದು ಉಳಿಯುತ್ತಿತ್ತು. ಖಟ್... ಖಟ್... ಎದುರು ಮನೆಯ ಕಾಕುವಿನ ಕೈಮಗ್ಗ. ಓಣಿಯಲ್ಲಿ ಉಳಿದಿದ್ದ ಕೈಮಗ್ಗ ಅದೊಂದೇ. ಅದಕ್ಕೆ ಕರೆಂಟಿನ ಹಂಗಿರಲಿಲ್ಲ.

ಕಾಕುವಿನ ಮಗಳನ್ನು ಜಮಖಂಡಿಗೆ ಕೊಟ್ಟಿದ್ದರು. ಚೊಚ್ಚಲ ಬಸುರಿ, ಸೀಮಂತದ ಕುಬಸ ಮಾಡಲು ತವರಿಗೆ ಕರೆತಂದರು. ಓಣಿಯ ಹೆಂಗಸರೆಲ್ಲ ಸೇರಿದರು, ಆಯಿ ನನ್ನನ್ನೂ ಎಳೆದುಕೊಂಡು ಹೋದಳು. ಬಸುರಿಗೆ ಹಸಿರು ಬಳೆ ತೊಡಿಸಿದ ಮೇಲೆ ಬಂದ ಹೆಣ್ಣುಮಕ್ಕಳೆಲ್ಲರೂ ಬಳೆಗಾರ್ತಿಯ ಮುಂದೆ ಕೂತು ಕೈ ಕೊಡಬೇಕು. ಆ ದಿನ ಬೇಡವೆನ್ನುವಂತಿಲ್ಲ. ಒಬ್ಬೊಬ್ಬರೇ ಕೂತರು, ಎದ್ದರು. ನನ್ನ ಸರದಿ ಬಂತು. ಬಳೆಗಾರ್ತಿ ಬಲಗೈ ಹಿಡಿದು ಕುಪ್ಪಸದ ತೋಳನ್ನು ಮೇಲೆ ಸರಿಸಲು ಹೋದಳು. ನಾನು ಕೈ ಕಿತ್ತುಕೊಂಡು ಎದ್ದೆ. ಬಳೆಯ ಪೆಟ್ಟಿಗೆ ಉರುಳಿತು, ಒಂದಿಷ್ಟು ಬಳೆ ಒಡೆದವು. ಬಸುರಿಯ ಮುಂದೆ ಬಳೆ ಒಡೆದವಳು ಎಂದು ಹೆಂಗಸರು ಬಾಯಿಗೆ ಕೈ ಹಿಡಿದರು. ಎದ್ದುಬಿದ್ದು ಮನೆಗೆ ಓಡಿಬಂದು ಬಾಗಿಲು ಹಾಕಿಕೊಂಡೆ. ಬಳೆಗಾರ್ತಿಯ ಪಕ್ಕದಲ್ಲೇ ಅರಿಶಿನ ಕುಂಕುಮದ ತಟ್ಟೆ ಹಿಡಿದು ನಿಂತಿದ್ದ ಕಾಕುವಿನ ಕಣ್ಣು ನನ್ನ ಮಣಿಕಟ್ಟಿನ ಮೇಲಿತ್ತು ಎಂಬುದು ನನಗೆ ಗೊತ್ತಾಗಿತ್ತು.

ಮರುದಿನ ಕಾಕು ನಮ್ಮ ಬಾಗಿಲಿಗೆ ಬಂದರು. ಬೈಯಲು ಬಂದರು ಎಂದುಕೊಂಡೆ. ಒಡೆದ ಬಳೆಯ ಮಾತೇ ಇಲ್ಲ. ಹೊಸ್ತಿಲಲ್ಲಿ ನಿಂತೇ ಹೇಳಿದರು.

"ನಿನ್ನ ಕೈ ನನಗ ಬೇಕಾಗ್ಯಾವ ಬೇ. ಮಗಳು ಬಸುರಿ, ಆಕಿ ಕಡೆ ಆಗೂದಿಲ್ಲ. ಕೆಚ್ಚಾಕ ಎರಡ ಮಂದಿ ಬೇಕು. ಬಾ."

"ನನಗ ಬರೂದಿಲ್ರಿ ಕಾಕು."

"ಬರೂದಿಲ್ಲಂದ್ರ ಕಲೀಬೇಕು. ನಾವೇನ ಹೊಟ್ಟ್ಯಾಗ ಕಲತು ಬಂದೇವಿ?"

ಹೋದೆ. ಅವರ ದನಿಗೆ ಹೆದರಿ ಹೋದೆನೇ ಹೊರತು ಮನಸ್ಸಿದ್ದು ಹೋಗಲಿಲ್ಲ. ಮಗ್ಗದ ಮೇಲಿನ ಉದ್ದ ನೂಲಿಗೆ ಹಾಸು ಎನ್ನುತ್ತಾರೆ. ಒಂದು ಹಾಸು ನೇಯ್ದು ಮುಗಿಯುತ್ತ ಬಂದಾಗ ಅದರ ತುದಿಗಳನ್ನು, ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಬಾಚಣಿಗೆಯಂಥ ಹಣಿಗೆಯಲ್ಲಿ ಹಾಗೆಯೇ ಬಿಟ್ಟು, ಹೊಸ ಹಾಸಿನ ಒಂದೊಂದು ಎಳೆಯನ್ನು ಹಳೆಯದರ ಒಂದೊಂದು ಎಳೆಗೆ ಹೊಸೆದು ಕೂಡಿಸಬೇಕು. ಅದೇ ಕೆಚ್ಚುವುದು. ಸಾವಿರಾರು ಎಳೆ. ಒಬ್ಬರು ಎಳೆ ಹೆಕ್ಕಿ ಕೊಡಬೇಕು, ಎದುರಿಗೆ ಕೂತವರು ಹೊಸೆಯಬೇಕು. ಬೆರಳು ಜಾರದಿರಲು ಬೂದಿ ಹಚ್ಚಿಕೊಳ್ಳಬೇಕು. ಎರಡು ಕೈಯೂ ಕೆಲಸದಲ್ಲಿರುತ್ತವೆ, ಕಣ್ಣು ಅಲ್ಲೇ ಇರುತ್ತದೆ.

"ತೋಳ ಮ್ಯಾಲ ಮಾಡು. ಎಳಿ ತೊಡಕ ಬೀಳ್ತಾವ," ಎಂದರು ಕಾಕು.

ನಾನು ಅಲ್ಲಾಡಲಿಲ್ಲ. ಅವರು ಕೈಯಲ್ಲಿ ಎಳೆ ಹಿಡಿದುಕೊಂಡು ಕಾದರು. ಎಷ್ಟು ಹೊತ್ತು ಕಾದರೋ... ಕೊನೆಗೆ ನಾನೇ ತೋಳು ಮಡಚಿದೆ. ಅಪ್ಪ ನೋಡದ, ಆಯಿ ನೋಡದ ನನ್ನ ಕೈಗಳು ಅವರ ಮುಂದೆ ಬತ್ತಲೆಯಾದವು. ಅಯ್ಯೋ ಎನ್ನಲಿಲ್ಲ, ಯಾಕೆ ಎನ್ನಲಿಲ್ಲ. ಎದ್ದು ಹೋಗಿ ಕೊಬ್ಬರಿ ಎಣ್ಣೆಯ ಬಾಟಲಿ ತಂದು ನನ್ನ ಪಕ್ಕಕ್ಕಿಟ್ಟರು. "ಕೆಲಸ ಆದ ಮ್ಯಾಲ ಹಚ್ಚಿಕೊಂಡ ಹೋಗು," ಎಂದು ಎಳೆ ಕೊಡತೊಡಗಿದರು.

ಅಂದು ಹೊರಡುವಾಗ ಕಟ್ಟುನಿಟ್ಟಾಗಿ ಹೇಳಿದರು. "ಕರೆಂಟ್ ಹೋತಂದ್ರ ಬರಬೇಕು. ದಿನಾ ಕರಿಯಾಕ ಬರೂದಿಲ್ಲ ನಾ."

ಕರೆಂಟ್ ಹೋದ ಹೊತ್ತೇ ನನ್ನ ಹಾಳು ಹೊತ್ತು ಎಂಬುದು ಅವರಿಗೆ ಹೇಗೆ ಗೊತ್ತಾಯಿತೋ ನಾನರಿಯೆ. ಬಹುಶಃ ಆ ಮೌನದಲ್ಲಿ ನನಗೆ ಅವರ ಮಗ್ಗ ಕೇಳುತ್ತಿದ್ದ ಹಾಗೆ ಅವರಿಗೂ ನಮ್ಮ ಮನೆಯಿಂದ ಏನಾದರೂ ಕೇಳುತ್ತಿತ್ತೇನೋ...

ದಿನವೂ ಹೋಗತೊಡಗಿದೆ. ಊರಲ್ಲಿ ಜೋಳ, ಕಬ್ಬು ಬಿಟ್ಟರೆ ಬೇರೇನೂ ಕಾಣದ ಒಕ್ಕಲುತನದ ಮನೆಯ ಹುಡುಗಿ ನಾನು. ಮಗ್ಗವೆಂದರೆ ಹೀಗೇ ಇರುತ್ತದೆ, ನೇಯುವವರ ಮನೆಯಲ್ಲಿ ದಿನವೂ ಕೆಚ್ಚುವ ಕೆಲಸ ಇರುತ್ತದೆ ಎಂದುಕೊಂಡಿದ್ದೆ. ಒಂದು ದಿನ ಕೆಂಪು ಹಾಸು, ಇನ್ನೊಂದು ದಿನ ಬಿಳಿ, ಮತ್ತೊಂದು ದಿನ ಗಿಣಿ ಹಸಿರು. ಹಣಿಗೆಯ ಸಮೇತ ಸುತ್ತಿದ ಹಾಸು ಪಡಸಾಲೆಯಲ್ಲಿ ಸಿದ್ಧವಾಗಿ ಕಾಯುತ್ತಿತ್ತು. ಕೆಚ್ಚುವಾಗ ಕಾಕು ಮಾತಾಡುತ್ತಿದ್ದರು. ಯಾರ ಮನೆಯ ಸೊಸೆ ಯಾರ ಮನೆಯ ಅತ್ತೆಗೆ ಏನಂದಳು, ಯಾರ ಮದುವೆಯಲ್ಲಿ ಹುಗ್ಗಿ ಸೀದಿತ್ತು, ಇಂಥವೇ. ನಮ್ಮ ಓಣಿಯ ಬಾಯಿ ಗೊತ್ತಲ್ಲ, ಒಂದು ಮನೆಯ ಸಾರಿಗೆ ಉಪ್ಪು ಹೆಚ್ಚಾದರೆ ಇನ್ನೊಂದು ಮನೆಯವರಿಗೆ ಬಾಯಾರುತ್ತಿತ್ತು. ಆ ಮನೆಯಲ್ಲಿ ನಾನು ಆಡಬಾರದ ಮಾತು ಒಂದೇ ಒಂದಿತ್ತು. "ಹೆಂಗದೀ?" ಎಂದು ಕೇಳಿದಾಗ "ಏನಿಲ್ರಿ, ಆರಾಮ ಅದೇನಿ" ಅಂದರೆ ಕೈಯಲ್ಲಿದ್ದ ಎಳೆಯನ್ನು ಕೆಳಗಿಡುತ್ತಿದ್ದರು.

"ಏನಿಲ್ಲ ಅನಬ್ಯಾಡ. ಅಳೂದಿದ್ರ ಅಳು, ಬೈಯೂದಿದ್ರ ಬೈ. ಏನಿಲ್ಲ ಅನ್ನೂ ಮಾತ ನನ್ನ ಮನ್ಯಾಗ ಬ್ಯಾಡ."

ಒಂದು ದಿನ ತಡೆಯಲಾರದೆ ಹೇಳಿಬಿಟ್ಟೆ, ಅವ್ವ ನೀರಿನ ಕೆಳಗೆ ಇದ್ದಾಳೆ ಎಂದು. ಕಾಕು ಸಮಾಧಾನದ ಒಂದು ಮಾತೂ ಆಡಲಿಲ್ಲ. ನಿಮ್ಮವ್ವ ಎಂಥ ರೊಟ್ಟಿ ಬಡಿಯುತ್ತಿದ್ದಳು, ತೆಳ್ಳಗೋ ದಪ್ಪಗೋ ಎಂದು ಕೇಳಿದರು. ತೆಳ್ಳಗೆ ಎಂದೆ. ಅಷ್ಟು ವರ್ಷಗಳಲ್ಲಿ ಅವ್ವನ ಬಗ್ಗೆ ನನ್ನನ್ನು ಯಾರಾದರೂ ಏನಾದರೂ ಕೇಳಿದ್ದು ಅದೇ ಮೊದಲು.

ಇಷ್ಟು ಬರೆದು, ಆಮೇಲೆ ನಾನು ಸರಿಹೋದೆ ಎಂದು ಬರೆಯುವ ಆಸೆ ನನಗೂ ಇದೆ. ಹಾಗಾಗಲಿಲ್ಲ. ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿದು ಹಳೆಯ ಊರಿನ ಗೋಡೆಗಳು ಕಾಣತೊಡಗಿವೆ ಎಂಬ ಸುದ್ದಿ ಬಂತು. ಅಪ್ಪ ಯಾರಿಗೂ ಹೇಳದೆ ಒಬ್ಬನೇ ಹೋಗಿಬಂದ. ಪ್ಯಾಂಟಿಗೆ ಮೊಣಕಾಲಿನ ತನಕ ಕೆಸರು ಮೆತ್ತಿತ್ತು. ಬೇವಿನ ಗಿಡ ಕಾಣಿಸಿತೇ ಎಂದು ಕೇಳಿದೆ. ಅಪ್ಪ ಬಚ್ಚಲಿಗೆ ಹೋಗಿ ಕಾಲು ತೊಳೆಯುತ್ತ ಕೂತ. ತೊಳೆದೇ ತೊಳೆದ. ಮತ್ತೆ ಕೇಳಿದಾಗ, "ಎಲ್ಲಾ ಹೂಳು," ಎಂದ. ಅಷ್ಟೇ. ಮರುದಿನ ಕಾರ್ಖಾನೆಗೆ ಹೋದ.

ಆ ಮಧ್ಯಾಹ್ನ ಕರೆಂಟ್ ಹೋಯಿತು. ಮಗ್ಗಗಳು ನಿಂತವು. ನಾನು ಏಳಲಿಲ್ಲ. ಎದುರಿನಿಂದ ಖಟ್, ಖಟ್ ಕೇಳುತ್ತಲೇ ಇತ್ತು. ಓಣಿ ದಾಟಿದರೆ ಸಾಕು ಎಂದು ಗೊತ್ತಿತ್ತು. ಆದರೆ ಅದು ಬೀಳಗಿಯಷ್ಟು ದೂರ ಕಂಡಿತು. ಯಾರ ಮುಂದೆಯೂ ಇನ್ನು ತೋಳು ಮಡಚುವುದು ಬೇಡ, ಎಲ್ಲ ಸಾಕು ಅನ್ನಿಸಿತು. ಆಯಿ ಒಳಗೆ ಮಲಗಿದ್ದಳು. ಅಂದು ಮಾಡಿಕೊಂಡಷ್ಟು ನೋವನ್ನು ನಾನು ಹಿಂದೆಂದೂ ಮಾಡಿಕೊಂಡಿರಲಿಲ್ಲ.

ಆಮೇಲಿನದು ತುಂಡು ತುಂಡಾಗಿ ನೆನಪಿದೆ. ಎದುರಿನ ಖಟ್ ನಿಂತಿತು. ಓಣಿಯಲ್ಲಿ ಒಂದು ಸದ್ದೂ ಉಳಿಯಲಿಲ್ಲ. ಸತ್ತೆ ಎಂದುಕೊಂಡೆ. ಆಮೇಲೆ ಬಾಗಿಲು ಬಡಿಯುವ ಸದ್ದು, ಕಾಕುವಿನ ದನಿ, ಚಿಲಕ ಕಿತ್ತುಬಂದದ್ದು... ಅವರು ತಮ್ಮ ಸೆರಗನ್ನೇ ಸುತ್ತಿ ನನ್ನ ಕೈಯನ್ನು ಎದೆಗೆ ಒತ್ತಿ ಹಿಡಿದದ್ದು... ಆ ಸೆರಗಿಗೆ ಗಂಜಿಯ ವಾಸನೆ ಇತ್ತು. ಆಯಿ ಎದ್ದುಬಂದು, "ಯವ್ವಾ, ಏನ ಮಾಡಕೊಂಡಿ ನನ ಕೂಸಽ," ಎಂದು ನೆಲಕ್ಕೆ ಕುಸಿದಳು.

ಟೆಂಪೋದಲ್ಲಿ ಜಮಖಂಡಿಯ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ನಾನು ಬೇಡಿಕೊಂಡೆ, ಅಪ್ಪನಿಗೆ ಹೇಳಬೇಡಿ, ಯಾರಿಗೂ ಹೇಳಬೇಡಿ ಎಂದು. ಕಾಕು ಕೇಳಿಸಿಕೊಳ್ಳದವರಂತೆ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ನನ್ನ ಕೈ ಮಾತ್ರ ಬಿಡಲಿಲ್ಲ. ಕೊನೆಗೆ ತಿರುಗಿ ಹೇಳಿದರು.

"ಇಷ್ಟ ದಿನಾ ಇದನ್ನ ನಾನೂ ನೀನೂ ಹೊತ್ತೇವಿ. ಇನ್ನ ನಮ್ಮಿಬ್ಬರ ಕೈಲೆ ಆಗೂದಿಲ್ಲ ಬೇ. ಆಗೂದಿಲ್ಲಂದ್ರ ಆಗೂದಿಲ್ಲ."

ಅವರ ಕಣ್ಣಲ್ಲಿ ನೀರು ನೋಡಿದ್ದು ಅದೊಂದೇ ಸಲ. ಅವರಿಗೂ ಹೆದರಿಕೆಯಾಗಿದೆ ಎಂದು ಆಗ ನನಗೆ ತಿಳಿಯಿತು. ಗದರುವ ಕಾಕುವಿಗೂ ಹೆದರಿಕೆಯಾಗುತ್ತದೆ ಎಂಬುದೇ ನನ್ನನ್ನು ಅಳಿಸಿತು. ಬಹಳ ದಿನದ ಮೇಲೆ ಬಾಯಿಬಿಟ್ಟು ಅತ್ತೆ.

ಗಾಯಕ್ಕೆ ಔಷಧವಾದ ಮೇಲೆ ಅಲ್ಲಿಯ ಡಾಕ್ಟರು, ವಾರಕ್ಕೊಮ್ಮೆ ಬರುವ ಮನಸ್ಸಿನ ಡಾಕ್ಟರಿಗೆ ತೋರಿಸಲು ಹೇಳಿದರು. ಹುಚ್ಚರ ಡಾಕ್ಟರು ಎಂದು ಆಯಿ ಹೌಹಾರಿದಳು. ಕಾಕು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಸಂಜೆ ಸಮೀರವಾಡಿಯಿಂದ ಓಡಿಬಂದ ಅಪ್ಪ ಆಸ್ಪತ್ರೆಯ ಬಾಗಿಲಲ್ಲಿ ನಿಂತು ನನ್ನ ಕೈಯ ಬ್ಯಾಂಡೇಜನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟೇರುತ್ತಿತ್ತು. ಕಾಕು ನಡುವೆ ಬಂದರು.

"ಅಣ್ಣಾರ, ಬೈಬ್ಯಾಡ್ರಿ. ಕಾಲ ಮುರಕೊಂಡ ಬಂದ್ರ ಬೈತಿದ್ರೇನು? ಆಕಿ ಅವ್ವನ ಹೆಸರ ಎತ್ತೂದ ಬಿಟ್ಟೀರಿ ನೀವು. ಹುಡುಗಿ ಯಾರ ಮುಂದ ಅಳಬೇಕ್ರಿ?"

ಅಪ್ಪ ಅಲ್ಲೇ ಬಾಗಿಲಿಗೆ ಒರಗಿ ಕೂತ. ತಲೆಗೆ ಸುತ್ತಿದ್ದ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ, ಹೂಳಿನಲ್ಲಿ ಇಡೀ ದಿನ ಹುಡುಕಿದೆ, ಬೇವಿನ ಬೊಡ್ಡೆ ಕೂಡ ಸಿಗಲಿಲ್ಲ ಎಂದು. ಅಷ್ಟನ್ನು ಮೊದಲೇ ಹೇಳಿದ್ದರೆ... ಹೋಗಲಿ. ಅವನ ಕೊರಳೂ ಆ ಹೂಳಿನಲ್ಲೇ ಸಿಕ್ಕಿಕೊಂಡಿತ್ತು.

ಡಾಕ್ಟರು ಗುಳಿಗೆ ಕೊಟ್ಟರು, ಮಾತಾಡಿಸಿದರು, ಮಾಡಿಕೊಳ್ಳಬೇಕು ಅನ್ನಿಸಿದ ಗಳಿಗೆಯಲ್ಲಿ ಒಬ್ಬಳೇ ಇರಬೇಡ, ಯಾರಿಗಾದರೂ ಹೇಳು, ಆ ಗಳಿಗೆ ದಾಟುತ್ತದೆ ಎಂದರು. ವಾರಕ್ಕೊಮ್ಮೆ ಜಮಖಂಡಿಗೆ ಹೋಗಿಬರುವುದು ಎಷ್ಟೋ ತಿಂಗಳು ನಡೆಯಿತು. ದಿನವೂ ಬೆಳಿಗ್ಗೆ ಕಾಕು ತಮ್ಮ ಕಟ್ಟೆಯಿಂದಲೇ "ನಾಷ್ಟಾ ಆತೇನ?" ಎಂದು ಕೂಗುತ್ತಿದ್ದರು. ಗುಳಿಗೆ ತೆಗೆದುಕೊಂಡೆಯಾ ಎಂದು ಅದರರ್ಥ. ಓಣಿಗೆ ತಿಳಿಯಬಾರದಲ್ಲ! ಮಧ್ಯಾಹ್ನ ಕರೆಂಟ್ ಹೋದರೆ ಕೆಚ್ಚಲು ಹೋಗುತ್ತಿದ್ದೆ. ಕೆಲವು ದಿನ ಬೆರಳೇ ಏಳುತ್ತಿರಲಿಲ್ಲ, ಸುಮ್ಮನೆ ಅವರ ಎದುರಿಗೆ ಕೂತು ಎದ್ದು ಬರುತ್ತಿದ್ದೆ. ಆಮೇಲೂ ಜಾರಿದ್ದೇನೆ, ಇಲ್ಲವೆನ್ನಲಾರೆ. ಜಾರಿದ ದಿನ ನಾನೇ ಓಣಿ ದಾಟಿ ಹೋಗಿ ಹೇಳುತ್ತಿದ್ದೆ. ಕಾಕು "ಛಲೋ ಆತು, ಹೇಳಿದಿ," ಎಂದು ಎಣ್ಣೆಯ ಬಾಟಲಿ ತರುತ್ತಿದ್ದರು. ಜಾರುವುದು ಅಪರೂಪವಾಯಿತು. ಒಂದು ದಿನ ನೋಡಿದರೆ ನಿಂತೇಹೋಗಿತ್ತು, ಯಾವಾಗ ನಿಂತಿತೆಂದು ತಿಳಿಯಲಿಲ್ಲ.

ಮತ್ತೆ ಕಾಲೇಜಿಗೆ ಹೋದೆ. ಮಾಸ್ತರಿಕೆಯ ತರಬೇತಿ ಮುಗಿಸಿ ಸಾಲೆಯಲ್ಲಿ ನೌಕರಿ ಹಿಡಿದೆ, ಮದುವೆಯಾಗಿ ಮುಧೋಳಕ್ಕೆ ಬಂದೆ. ಮದುವೆಯ ಹಿಂದಿನ ದಿನ ಬಳೆಗಾರ್ತಿಯ ಮುಂದೆ ಕೂತಾಗ ನನ್ನ ತೋಳನ್ನು ಮಡಚಿದವರು ಕಾಕು. ಅವಳು ಒಂದು ಗಳಿಗೆ ನನ್ನ ಕೈಯನ್ನೇ ನೋಡಿದಳು. "ಏನ ನೋಡ್ತಿ? ಇಡಸು," ಎಂದು ಗದರಿದರು. ಇಡಿಸಿದಳು.

ಕೆಲವು ವರ್ಷಗಳ ಹಿಂದೆ ಕಾಕು ಹೋದರು. ಹೊಟ್ಟೆಯಲ್ಲಿ ಗಡ್ಡೆ, ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಏನಿಲ್ಲ ಅನ್ನಬೇಡ ಎಂದು ನನಗೆ ಗದರುತ್ತಿದ್ದವರು ತಮ್ಮ ನೋವಿಗೆ ಎಲ್ಲರ ಮುಂದೆಯೂ ಏನಿಲ್ಲ ಏನಿಲ್ಲ ಎನ್ನುತ್ತಲೇ ದಿನ ತಳ್ಳಿದ್ದರಂತೆ. ಅದನ್ನು ನೆನೆದರೆ ಇವತ್ತಿಗೂ ಅವರ ಮೇಲೆ ಸಿಟ್ಟು ಬರುತ್ತದೆ. ಮಣ್ಣು ಮಾಡಿ ಬಂದ ಮೇಲೆ ಅವರ ಪಡಸಾಲೆಯಲ್ಲಿ ಕೂತಿದ್ದೆ. ಮಗ್ಗದ ಕುಣಿಯ ಮೇಲೆ ಹಲಗೆ ಮುಚ್ಚಿದ್ದರು. ದಮ್ಮಿನ ಕಾಕಾ, ಎಲ್ಲರಿಗಿಂತ ಮೊದಲು ಹೋಗುತ್ತಾರೆಂದು ಎಲ್ಲರೂ ತಿಳಿದಿದ್ದ ಕಾಕಾ, ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದರು. ನಾನು ಹಳೆಯ ಮಾತು ತೆಗೆದೆ. ದಿನವೂ ಎಷ್ಟೊಂದು ಕೆಚ್ಚುತ್ತಿದ್ದೆವು, ಕಾಕುವಿಗೆ ಅಷ್ಟೊಂದು ಕೆಲಸ ಇರುತ್ತಿತ್ತಲ್ಲ ಎಂದೆ. ಕಾಕಾ ನನ್ನನ್ನು ವಿಚಿತ್ರವಾಗಿ ನೋಡಿದರು.

"ನಮ್ಮದು ಒಂದ ಮಗ್ಗ ಅಲ್ಲೇನ ತಂಗಿ? ಒಂದ ಮಗ್ಗಕ್ಕ ತಿಂಗಳಿಗೊಮ್ಮಿ ಕೆಚ್ಚೂ ಕೆಲಸ ಬಂದ್ರ ಹೆಚ್ಚು. ನೀ ದಿನಾ ಬರತಿದ್ದಿ. ಅಷ್ಟ ಹಾಸು ಎಲ್ಲಿಂದ ಬರತಿದ್ವು, ವಿಚಾರ ಮಾಡಿಯೇನ?"

ನಾನು ಎಂದೂ ವಿಚಾರ ಮಾಡಿರಲಿಲ್ಲ.

ಕಾಕು ಮನೆಮನೆಗೆ ಹೋಗಿ ಹಾಸು ಕೇಳಿ ತರುತ್ತಿದ್ದರಂತೆ. ಹುಡುಗಿಗೆ ಕಲಿಸುತ್ತಿದ್ದೇನೆ, ನಿಮ್ಮದು ಕೊಡಿ ಎಂದು. ಮೊದಲು ಒಂದು ಮನೆಯವರು ಕೊಟ್ಟರು, ಆಮೇಲೆ ಓಣಿಗೆ ಓಣಿಯೇ ಕೊಟ್ಟಿತು. ನನ್ನ ಮೊಂಡು ಬೆರಳು ಮುಗಿಸುವ ತನಕ ಅವರ ಮಗ್ಗಗಳು ನಿಂತಿರುತ್ತಿದ್ದವು. ನಾನು ಹೊಸೆದ ಎಳೆಗಳಲ್ಲಿ ಅರ್ಧ ಬಿಚ್ಚಿಹೋಗುತ್ತಿದ್ದವಂತೆ. ನಾನು ಮನೆಗೆ ಹೋದ ಮೇಲೆ ಕಾಕು ಕೂತು ಮತ್ತೆ ಹೊಸೆಯುತ್ತಿದ್ದರು. ಕೆಲವೊಮ್ಮೆ ಹಾಸಿನ ಮನೆಯ ಹೆಂಗಸರೇ ಬಂದು ಜೊತೆಗೆ ಕೂರುತ್ತಿದ್ದರಂತೆ.

"ಅವರಿಗೆ... ಗೊತ್ತಿತ್ತೇನ್ರಿ?" ಎಂದೆ.

"ಓಣಿಗೆಲ್ಲಾ ಗೊತ್ತಿತ್ತು. ಕುಬಸದ ದಿನಾನ ಗೊತ್ತಾತು," ಎಂದರು ಕಾಕಾ. ಉಸಿರು ಎಳೆದುಕೊಂಡು ಮತ್ತೆ ಹೇಳಿದರು. "ಯಾರೂ ತುಟಿ ಬಿಚ್ಚಲಿಲ್ಲ."

ಸಾರಿನ ಉಪ್ಪನ್ನೂ ಬಿಡದ ಆ ಓಣಿ. ನನಗೆ ಮದುವೆಯ ಮಾತು ಬಂದಾಗ ಗಂಡಿನ ಕಡೆಯವರು ಬಂದು ವಿಚಾರಿಸಿದ ಆ ಓಣಿ. ಒಡೆದ ಬಳೆಗಾಗಿ ಬಾಯಿಗೆ ಕೈ ಹಿಡಿದ ಅದೇ ಹೆಂಗಸರು. ಯಾರಿಗೂ ತಿಳಿಯದ ಹಾಗೆ ಬದುಕಿಕೊಂಡೆ ಎಂದು ತಿಳಿದಿದ್ದೆ ನಾನು. ಆ ಪಡಸಾಲೆಯಲ್ಲಿ, ಮುಚ್ಚಿದ ಕುಣಿಯ ಪಕ್ಕದಲ್ಲಿ ನನಗೆ ಅಳುವುದಕ್ಕೂ ಆಗಲಿಲ್ಲ.

ಮುಧೋಳದ ಅಂಗಡಿಯಿಂದ ಆ ಹತ್ತಿಯ ಸೀರೆ ನನಗೇ ತಂದುಕೊಂಡೆ. ನಾದಿನಿಗೆ ಬೇರೆ ತೆಗೆದೆ. ಮನೆಯಲ್ಲಿ ಮಂಚದ ಮೇಲೆ ಬಿಚ್ಚಿ, ಬೆರಳಾಡಿಸಿ, ಕೆಚ್ಚಿದ ಜಾಗ ಎಲ್ಲಾದರೂ ಸಿಗುತ್ತದೇನೋ ಎಂದು ಹುಡುಕಿದೆ. ಸಿಗುವುದಿಲ್ಲವೆಂದು ಗೊತ್ತಿದ್ದೂ ಹುಡುಕಿದೆ. ಕೆಚ್ಚಿದ ಭಾಗ ಸೀರೆಯಲ್ಲಿ ಉಳಿಯುವುದಿಲ್ಲ, ಅದನ್ನು ಕತ್ತರಿಸಿ ತೆಗೆಯುತ್ತಾರೆ. ಕಾಕು ಆ ಚೂರುಗಳನ್ನು ಒಲೆ ಹೊತ್ತಿಸಲು ಇಟ್ಟುಕೊಳ್ಳುತ್ತಿದ್ದರು. ನಾವಿಬ್ಬರೂ ಕೂತು ಕೂಡಿಸಿದ ಒಂದು ಎಳೆಯೂ ಈಗ ಎಲ್ಲಿಯೂ ಇಲ್ಲ. ಅವರ ಮನೆಯಲ್ಲೀಗ ಬೇರೆಯವರಿದ್ದಾರೆ. ಕುಣಿಯನ್ನು ಮುಚ್ಚಿ ಫರಸಿಕಲ್ಲು ಹಾಕಿಸಿದ್ದಾರೆ.

ಮೊನ್ನೆ ಮಧ್ಯಾಹ್ನ ಇಲ್ಲಿ ಕರೆಂಟ್ ಹೋಯಿತು. ಫ್ಯಾನು ನಿಂತಿತು, ಪಕ್ಕದ ಮನೆಯ ಟಿವಿ ನಿಂತಿತು. ಒಂದು ಗಳಿಗೆ ಏನೂ ಕೇಳಲಿಲ್ಲ. ಆ ಹಳೆಯ ಹಾಳು ಹೊತ್ತು ಇವತ್ತಿಗೂ ಒಮ್ಮೊಮ್ಮೆ ಬಂದು ನನ್ನ ಪಕ್ಕದಲ್ಲಿ ಕೂರುತ್ತದೆ. ಮೊನ್ನೆಯೂ ಬಂತು. ನೋಡಿದರೆ ನಾನು ಎದ್ದು ಬಾಗಿಲಿಗೆ ಬಂದುಬಿಟ್ಟಿದ್ದೆ, ಒಂದು ಕಾಲು ಹೊಸ್ತಿಲ ಹೊರಗಿತ್ತು. ದಾಟಲು ಓಣಿ ಇರಲಿಲ್ಲ. ಎದುರಿಗೆ ಯಾರದೋ ಕಂಪೌಂಡು. ಕಿವಿಗೊಟ್ಟು ನಿಂತೆ. ಬಹಳ ಹೊತ್ತು ನಿಂತೆ...

"ಯಾಕ, ಏನಾತು?" ಎಂದು ಒಳಗಿನಿಂದ ಯಜಮಾನರು ಕೇಳಿದರು.

ಏನಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಹೊರಗ ಬಂದು ಒಂದೀಟು ನನ್ನ ಎದುರಿಗೆ ಕೂಡ್ರಿ," ಎಂದೆ.

ಬಂದು ಕೂತರು. ನಾನು ಮೆಟ್ಟಿಲ ಮೇಲೆ ಕೂತು ಕುಪ್ಪಸದ ಎರಡೂ ತೋಳು ಮಡಚಿದೆ. ಕರೆಂಟ್ ಬರುವ ತನಕ ಕಾಕುವಿಗಾಗಿ ಅತ್ತೆ.